ಎರಡು ಕಾಲಂನಲ್ಲೂ ‘ಇತರೆ’

ಕಾಸರಗೋಡು ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ, ಮತ್ತು ಅವರಿಗಿಂತ ಮೊದಲು ಕಾಗದ ಬಿಚ್ಚಿ ಓದುವ ಗುಮಾಸ್ತರಿಗೆ,

ನಮಸ್ಕಾರ.

ಹೆಸರಿಲ್ಲದ ಅರ್ಜಿಯನ್ನು ನಿಮ್ಮ ಕಚೇರಿಯಲ್ಲಿ ಯಾರೂ ಮುಟ್ಟುವುದಿಲ್ಲ ಅಂತ ನನಗೆ ಗೊತ್ತು. ಅರ್ಜಿ ಬರೆಯುವುದೇ ನನ್ನ ಕೆಲಸ. ವಿದ್ಯಾನಗರದ ಸಿವಿಲ್ ಸ್ಟೇಷನ್‌ಗೆ ಬರುವವರಿಗೆ ಕನ್ನಡದ ಕಾಗದವನ್ನು ಮಲಯಾಳ ಮಾಡಿ ಕೊಡುತ್ತೇನೆ, ಮಲಯಾಳದ್ದನ್ನು ಕನ್ನಡ ಮಾಡಿ ಕೊಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ‘ಹೆಸರು, ವಿಳಾಸ, ಸಹಿ ಇಲ್ಲದಿದ್ದರೆ ಇದು ನೇರ ಕಸದ ಬುಟ್ಟಿಗೆ’ ಅಂತ ಬಂದವರಿಗೆ ದಿನಾ ಹೇಳುವವನು ನಾನೇ. ಈಗ ನಾನೇ ಸಹಿ ಹಾಕದೆ ಬರೆಯುತ್ತಿದ್ದೇನೆ. ಅದಕ್ಕೇ ಇದನ್ನು ಅರ್ಜಿ ಅಂತ ಕೊಡದೆ ಎಲ್ಲರ ಎದುರು ಇಡುತ್ತಿದ್ದೇನೆ. ಬುಟ್ಟಿಗೆ ಹಾಕುವ ಮೊದಲು ನಾಲ್ಕು ಜನ ಓದಿರಲಿ.

ಸಹಿ ಯಾಕಿಲ್ಲ ಅಂದರೆ, ನಾನು ಗೇ. ಒಂಬತ್ತು ವರ್ಷದಿಂದ ಒಬ್ಬರ ಜೊತೆ ಬದುಕುತ್ತಿದ್ದೇನೆ. ಬಾಡಿಗೆ ಮನೆಯ ಓನರ್ ಲೆಕ್ಕದಲ್ಲಿ ನಾವು ಖರ್ಚು ಹಂಚಿಕೊಳ್ಳುವ ಇಬ್ಬರು ಬ್ಯಾಚುಲರ್ಸ್. ಪೈವಳಿಕೆ ಕಡೆ ಇರುವ ನನ್ನ ಅಮ್ಮನ ಲೆಕ್ಕದಲ್ಲಿ ಅವನು ‘ಪಾಪ, ಒಳ್ಳೆ ಹುಡುಗ, ಅವನಿಗೂ ಹೆಣ್ಣು ಸಿಗಲಿಲ್ಲ’.

ನಿಮ್ಮ ಫಾರಂಗಳ ಬಗ್ಗೆಯೇ ಶುರು ಮಾಡುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಕಳೆದ ವರ್ಷ ಒಬ್ಬರು ಟ್ರಾನ್ಸ್ ಮಹಿಳೆ ನನ್ನ ಹತ್ತಿರ ಒಂದು ಫಾರಂ ತುಂಬಿಸಲು ಬಂದಿದ್ದರು. ಬದಿಯಡ್ಕ ಕಡೆಯವರು, ಮನೆಯಲ್ಲಿ ತುಳು, ಓದಿದ್ದು ಕನ್ನಡ ಮೀಡಿಯಂ. ಫಾರಂನಲ್ಲಿ ‘ಮಾತೃಭಾಷೆ: ಮಲಯಾಳಂ / ಇತರೆ’ ಅಂತ ಇತ್ತು. ‘ಇತರೆ’ಗೆ ಟಿಕ್ ಹಾಕಿದೆ. ಎರಡು ಸಾಲು ಕೆಳಗೆ ‘ಲಿಂಗ: ಗಂಡು / ಹೆಣ್ಣು / ಇತರೆ’. ಪೆನ್ನು ಹಿಡಿದು ಅವರ ಮುಖ ನೋಡಿದೆ. ಅವರು ನಕ್ಕರು. ‘ಹಾಕಿ ಮಾರಾಯ್ರೆ, ಒಂದು ಇತರೆ ಆದವರಿಗೆ ಇನ್ನೊಂದು ಎಂತ ಭಾರ!’ ಅಂದರು.

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯಾಕಂದರೆ ಈ ಜಿಲ್ಲೆಯ ಕನ್ನಡಿಗರಿಗೆ ‘ಇತರೆ’ ಆಗುವುದು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಅದೇ ನಮ್ಮ ಬದುಕು. ಬಸ್ಸಿನ ಬೋರ್ಡು ಓದಲಾಗದೆ ನಿಂತಿದ್ದೇವೆ. ಮಲಯಾಳದಲ್ಲಿ ಬಂದ ನೋಟೀಸನ್ನು ಹಿಡಿದುಕೊಂಡು ಪಕ್ಕದ ಮನೆಗೆ ಓಡಿದ್ದೇವೆ. ‘ಶಂಕರನಾರಾಯಣ ಭಟ್ಟ’ ಹೋಗಿ ‘ಬಟ್ಟ್’ ಆಗಿ ವಾಪಸ್ ಬಂದದ್ದನ್ನು ಸರಿ ಮಾಡಿಸಲು ಮೂರು ಸಲ ರಜೆ ಹಾಕಿದ್ದೇವೆ. ಆದರೆ ಸುಮ್ನೆ ಕೂತಿಲ್ಲ. ಕೇಳಿದ್ದೇವೆ, ಸತ್ಯಾಗ್ರಹ ಕೂತಿದ್ದೇವೆ, ಕೇಸು ಹಾಕಿದ್ದೇವೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಬರೆದಿತ್ತು: ಇಲ್ಲಿಯ ಕನ್ನಡಿಗರು ಕನ್ನಡದಲ್ಲಿ ಕಾಗದ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಬರೆದದ್ದೆಲ್ಲ ನಡೆಯಿತು ಅಂತ ನಾನು ಹೇಳುವುದಿಲ್ಲ. ಎಲ್ಲವೂ ನಡೆದಿದ್ದರೆ ನನ್ನ ಅಂಗಡಿಗೆ ವ್ಯಾಪಾರವೇ ಇರುತ್ತಿರಲಿಲ್ಲ. ಆದರೂ ಏನು ಬೇಕು ಅಂತ ಎಲ್ಲರಿಗೂ ಗೊತ್ತಾಯಿತು. ಕನ್ನಡದ ಫಾರಂ, ಕನ್ನಡ ಗೊತ್ತಿರುವ ಒಬ್ಬ ಗುಮಾಸ್ತ, ಬಾಗಿಲಲ್ಲಿ ಕನ್ನಡದ ಬೋರ್ಡು. ಇಷ್ಟಿದ್ದರೆ ಜನ ಒಳಗೆ ಬರುತ್ತಾರೆ. ಇಲ್ಲದಿದ್ದರೆ ಗೇಟಿನಿಂದಲೇ ತಿರುಗಿ ಹೋಗುತ್ತಾರೆ.

ನಾನು ಕೇಳುತ್ತಿರುವುದೂ ಅದೇ ಫಾರಂ, ಅದೇ ಗುಮಾಸ್ತ, ಅದೇ ಬೋರ್ಡು. ಎರಡನೇ ‘ಇತರೆ’ಗೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕಚೇರಿಯವರು ಎರಡು ಪುಟ ಕನ್ನಡಕ್ಕೆ ಮಾಡಲು ಕೊಟ್ಟಿದ್ದರು. ಅದರಲ್ಲಿ ಟ್ರಾನ್ಸ್‌ಜೆಂಡರ್ ಅನ್ನುವ ಪದ ಬಂತು. ನಾನು ‘ನಪುಂಸಕ’ ಅಂತ ಟೈಪ್ ಮಾಡಿದೆ. ಹಳೆಯ ನಿಘಂಟಿನಲ್ಲಿ ಅದೇ ಸಿಕ್ಕಿತ್ತು. ಅಷ್ಟು ಹೊತ್ತಿಗೆ ನನಗೆ ನನ್ನ ವಿಷಯ ಗೊತ್ತಿತ್ತು. ಬೈಗುಳ ಅಂತಲೂ ಗೊತ್ತಿತ್ತು, ಶಾಲೆಯಲ್ಲಿ ಅದೇ ಪದ ಕೇಳಿಸಿಕೊಂಡು ಬೆಳೆದವನು. ಆದರೂ ಮಾಡಿದೆ, ದುಡ್ಡು ತಗೊಂಡೆ. ಆ ಪುಟ ಎಷ್ಟು ಜನರ ಕೈಗೆ ಹೋಯಿತೋ. ಹಾಗಾಗಿ ನಾನು ಯಾರಿಗೂ ಬೆರಳು ತೋರಿಸಿ ಬರೆಯುತ್ತಿಲ್ಲ. ಪದ ಯಾವುದು ಬಳಸಬೇಕು ಅಂತ ಆಗ ಕೇಳಲು ಒಬ್ಬರಾದರೂ ಇದ್ದಿದ್ದರೆ ಕೇಳುತ್ತಿದ್ದೆ. ಈಗ ಇದ್ದಾರೆ. ಲಿಂಗತ್ವ ಅಲ್ಪಸಂಖ್ಯಾತರು ಅನ್ನಿ, ಮಂಗಳಮುಖಿ ಅಂತ ಕರೆಸಿಕೊಳ್ಳುವವರಿಗೆ ಹಾಗೆ ಅನ್ನಿ, ಅಥವಾ ಟ್ರಾನ್ಸ್‌ಜೆಂಡರ್ ಅಂತಲೇ ಬರೆಯಿರಿ. ಮಲಯಾಳದ ಕಾಗದಗಳಲ್ಲಿ ಆ ಪದ ಹಾಗೇ ಬರುತ್ತದೆ, ಯಾರಿಗೂ ಅರ್ಥವಾಗದೆ ಹೋಗಿಲ್ಲ.

ಅವನು ಅನ್ನಬೇಕಾ, ಅವಳು ಅನ್ನಬೇಕಾ ಅಂತ ಕೌಂಟರಿನಲ್ಲಿ ಒದ್ದಾಡುವವರನ್ನು ನೋಡಿದ್ದೇನೆ. ಒಬ್ಬರಂತೂ ಸಂಕಟ ತಡೆಯಲಾಗದೆ ‘ಅದು’ ಅಂದುಬಿಟ್ಟರು. ನಮ್ಮ ಭಾಷೆಗಳಲ್ಲಿ ಈ ಒದ್ದಾಟ ಬೇಕೇ ಇಲ್ಲ. ಕನ್ನಡದಲ್ಲಿ ‘ಅವರು’, ತುಳುವಿನಲ್ಲಿ ‘ಆರ್’, ಮಲಯಾಳದಲ್ಲಿ ‘ಅವರ್’. ಎದುರಿಗೆ ಇದ್ದರೆ ‘ನೀವು’. ತಹಶೀಲ್ದಾರರಿಗೆ ಕೊಡುವ ಮರ್ಯಾದೆಯ ಅದೇ ಪದ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.

ಈಗ ಬದಿಯಡ್ಕದ ಆ ಮಹಿಳೆಯ ಹಳೆಯ ಕಥೆಗೆ ಬರುತ್ತೇನೆ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ ಕೇಸಿನಲ್ಲಿ ತೀರ್ಪು ಕೊಟ್ಟಿತು: ತಮ್ಮ ಲಿಂಗ ಯಾವುದು ಅಂತ ಹೇಳಿಕೊಳ್ಳುವ ಹಕ್ಕು ಟ್ರಾನ್ಸ್ ಜನರದ್ದೇ. ಮರುವರ್ಷ ನವೆಂಬರ್‌ನಲ್ಲಿ ಕೇರಳ ತನ್ನ ಟ್ರಾನ್ಸ್‌ಜೆಂಡರ್ ನೀತಿ ಹೊರಡಿಸಿತು, ದೇಶದಲ್ಲೇ ಮೊದಲು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. 2017ರಲ್ಲಿ ಕೊಚ್ಚಿ ಮೆಟ್ರೊದಲ್ಲಿ ಟ್ರಾನ್ಸ್ ಜನರಿಗೆ ಕೆಲಸ ಕೊಟ್ಟಾಗ ನಾವಿಬ್ಬರೂ ಪೇಪರ್ ಕಟ್ ಮಾಡಿ ಇಟ್ಟುಕೊಂಡಿದ್ದೆವು. ಆಮೇಲೆ 2019ರಲ್ಲಿ ಕೇಂದ್ರದ ಕಾಯ್ದೆ, 2020ರಲ್ಲಿ ಅದರ ನಿಯಮಗಳು. ಆ ನಿಯಮದ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡಬೇಕಾದವರು ಜಿಲ್ಲಾಧಿಕಾರಿ. ಅರ್ಜಿ ಬಂದು 30 ದಿನದೊಳಗೆ ಕೊಡಬೇಕು.

2022ರಲ್ಲಿ ಬದಿಯಡ್ಕದ ಆ ಮಹಿಳೆ ಇದಕ್ಕೆ ಅರ್ಜಿ ಹಾಕಿದರು. ಸರ್ಕಾರಿ ಅರ್ಜಿಗಳನ್ನು ಹಾಕಿಕೊಡುವ ಊರಿನ ಅಕ್ಷಯ ಕೇಂದ್ರದಲ್ಲಿ ಅಲ್ಲ. ಊರಿನ ಅಕ್ಷಯದಲ್ಲಿ ಕೂತಿರುವ ಹುಡುಗಿ ಅವರ ದೊಡ್ಡಪ್ಪನ ಮಗಳ ಕ್ಲಾಸ್‌ಮೇಟು. ಹಾಗಾಗಿ ಬಸ್ಸು ಹತ್ತಿ ಎರಡು ಊರು ದಾಟಿ ಹೋಗಿ ಹಾಕಿದರು. ಕೆಲವು ವಾರ ಕಳೆದು ಮನೆಗೆ ಒಂದು ಕಾಗದ ಬಂತು. ಪೂರ್ತಿ ಮಲಯಾಳ. ಅವರಿಗೆ ಓದಲು ಬರುವುದಿಲ್ಲ. ಯಾರಿಗಾದರೂ ತೋರಿಸಿ ಓದಿಸಿದರೆ ಅವರ ಗುಟ್ಟು ಬಯಲಾಗುತ್ತದೆ. ರಿಜೆಕ್ಟ್ ಆಗಿದೆ ಅಂತ ಅವರೇ ತೀರ್ಮಾನ ಮಾಡಿ ಅದನ್ನು ಮಡಚಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರು. ಐದು ತಿಂಗಳು ಅಲ್ಲೇ ಇತ್ತು. ಬೇರೆ ಯಾವುದೋ ಕೆಲಸಕ್ಕೆ ನನ್ನ ಅಂಗಡಿಗೆ ಬಂದಾಗ ಆ ಕವರ್ ತೆಗೆದರು, ಕಾಗದ ಕೆಳಗೆ ಬಿತ್ತು, ನಾನು ಎತ್ತಿ ಓದಿದೆ. ‘ಅಫಿಡವಿಟ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ ಹೊಂದುತ್ತಿಲ್ಲ, ಸರಿ ಮಾಡಿ ಮತ್ತೆ ಕೊಡಿ.’ ಅಷ್ಟೇ ಇದ್ದದ್ದು. ಎರಡು ಸಾಲು ಕನ್ನಡ ಇದ್ದಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಇಲ್ಲಿ ಯಾರೂ ಅವರನ್ನು ಬೈಯಲಿಲ್ಲ, ಯಾರೂ ಅವಮಾನ ಮಾಡಲಿಲ್ಲ. ಅಧಿಕಾರಿ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಆದರೆ ಸರ್ಕಾರದ ನೀತಿ ತಿರುವನಂತಪುರದಿಂದ ಹೊರಟು ಆರುನೂರು ಕಿಲೋಮೀಟರ್ ಹತ್ತಿರ ಬಂದು ಬದಿಯಡ್ಕದ ಒಂದು ಪ್ಲಾಸ್ಟಿಕ್ ಕವರಿನೊಳಗೆ ನಿಂತುಹೋಯಿತು.

ಇನ್ನೊಂದು ಮಾತು. ಎಲ್‌ಜಿಬಿಟಿ ಅನ್ನುವುದರಲ್ಲಿ ನಾಲ್ಕು ಅಕ್ಷರ ಇದೆ: ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್. ಕಚೇರಿಗಳಿಗೆ ಕೊನೆಯದು ಮಾತ್ರ ಕಾಣುತ್ತದೆ. ನೀತಿ, ಕಾರ್ಡು, ಕುಟುಂಬಶ್ರೀಯ ಸ್ವಸಹಾಯ ಗುಂಪು, ಎಲ್ಲ ಟ್ರಾನ್ಸ್ ಜನರಿಗೆ. ಬೇಕಾದದ್ದೇ, ಅವರ ಪಾಡು ನಮಗಿಂತ ಜಾಸ್ತಿ. ಆದರೆ ನನ್ನಂಥವನು ಯಾವ ಬಾಗಿಲು ತಟ್ಟಬೇಕು? ನಾನು ಲಿಂಗದ ಕಾಲಂನಲ್ಲಿ ‘ಗಂಡು’ ಅಂತ ಆರಾಮವಾಗಿ ಟಿಕ್ ಹಾಕುತ್ತೇನೆ. ನಾನು ಸಿಕ್ಕಿಹಾಕಿಕೊಳ್ಳುವುದು ಅದರ ಕೆಳಗಿನ ‘ಸಂಬಂಧ’ ಅನ್ನುವ ಕಾಲಂನಲ್ಲಿ.

ಹೈವೇ ಅಗಲ ಮಾಡುವ ಕೆಲಸ ನಡೆಯುತ್ತಿತ್ತಲ್ಲ, ಒಂದು ಮಳೆಗಾಲದ ಸಂಜೆ ಆ ಕೆಸರಿನಲ್ಲಿ ನನ್ನ ಸಂಗಾತಿಯ ಬೈಕ್ ಜಾರಿತು. ಕಾಲಿನ ಮೂಳೆ ಮುರಿಯಿತು. ನಾನು ಆಸ್ಪತ್ರೆಗೆ ಓಡಿದೆ. ಯಾವ ಆಸ್ಪತ್ರೆ ಅಂತ ಬೇಡ, ಎಲ್ಲ ಕಡೆ ಇದೇ. ನರ್ಸ್ ಫಾರಂ ಹಿಡಿದು ಕೇಳಿದರು: ‘ನಿಙ್ಙ ಪೇಷ್ಯಂಟಿನ್ಡೆ ಆರಾ?’ ನೀವು ರೋಗಿಗೆ ಏನಾಗಬೇಕು? ದಿನಕ್ಕೆ ನಲವತ್ತು ಫಾರಂ ತುಂಬುವ ನನಗೆ ಆ ಒಂದು ಕಾಲಂಗೆ ಉತ್ತರ ಬರಲಿಲ್ಲ. ‘ಕೂಟ್ಟುಗಾರನ್’ ಅಂದೆ. ಸ್ನೇಹಿತ. ‘ಬಂಧುಕ್ಕಳ್ ಆರುಂ ಇಲ್ಲೇ?’ ಅಂದರು. ಸಂಬಂಧಿಕರು ಯಾರೂ ಇಲ್ವಾ?

ಸಂಬಂಧಿಕ ಮೂರು ಗಂಟೆ ಕಳೆದು ಬಂದ. ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ. ಸಹಿ ಹಾಕಿದ, ಬಿಲ್ ಎಷ್ಟು ಅಂತ ಕೇಳಿದ, ನನ್ನ ಮುಖ ನೋಡದೆ ಹೋದ. ಬಿಲ್ ನಾನು ಕಟ್ಟಿದೆ. ಹಣ ತಗೊಳ್ಳುವ ಕೌಂಟರಿನಲ್ಲಿ ಸಂಬಂಧದ ಕಾಲಂ ಇರಲಿಲ್ಲ.

ಇದರಲ್ಲಿ ನಗು ಬರುವ ವಿಷಯ ಅಂದರೆ ಅವನಿಗೆ ಅಷ್ಟೂ ಹೊತ್ತು ಪೂರ್ತಿ ಎಚ್ಚರ ಇತ್ತು. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ‘ನಾನೇ ಸಹಿ ಹಾಕ್ತೇನೆ ಕೊಡಿ’ ಅಂತ ಎರಡು ಸಲ ಹೇಳಿದ. ವಯಸ್ಸಿಗೆ ಬಂದ, ಎಚ್ಚರ ಇರುವ ರೋಗಿಯ ಒಪ್ಪಿಗೆಯನ್ನು ಅವನೇ ಕೊಡಬೇಕಾದದ್ದು. ಅಣ್ಣ ಬರಲಿ ಅಂತ ಕಾಯಿಸಿದ್ದು ಬರೀ ರೂಢಿ.

2017ರ ಮಾನಸಿಕ ಆರೋಗ್ಯ ಕಾಯ್ದೆ ಓದಿ ನೋಡಿ. ಅದರ 14ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಬಿಳಿ ಹಾಳೆಯ ಮೇಲೆ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ತಮ್ಮ ಪ್ರತಿನಿಧಿ ಇಂಥವರು ಅಂತ ಹೇಳಬಹುದು. ರಕ್ತಸಂಬಂಧ ಇರಬೇಕು ಅಂತ ಇಲ್ಲ. 18ನೇ ಸೆಕ್ಷನ್‌ನಲ್ಲಿ ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡಬಾರದು ಅಂತಲೂ ಇದೆ. ಬಿಳಿ ಹಾಳೆ! ಮುದ್ರಾಂಕವೂ ಬೇಡ. ಮನಸ್ಸಿನ ಕಾಯಿಲೆಗೆ ಇಷ್ಟು ಸಲೀಸಾಗಿ ಆಗುವುದು ಕಾಲು ಮುರಿದರೆ ಯಾಕೆ ಆಗಬಾರದು? ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಅಡ್ಮಿಷನ್ ಫಾರಂನಲ್ಲಿ ‘ರೋಗಿ ಸೂಚಿಸಿದ ವ್ಯಕ್ತಿ’ ಅಂತ ಒಂದು ಸಾಲು ಸೇರಿಸಿ. ಇದು ನಮಗೆ ಮಾತ್ರ ಅಲ್ಲ. ಮಕ್ಕಳೆಲ್ಲ ಗಲ್ಫಿನಲ್ಲಿರುವ, ಪಕ್ಕದ ಮನೆಯವರೇ ಆಸ್ಪತ್ರೆಗೆ ಕರೆದುಕೊಂಡು ಬರುವ ಎಷ್ಟು ಮುದುಕರಿದ್ದಾರೆ ಈ ಜಿಲ್ಲೆಯಲ್ಲಿ! ಅವರಿಗೂ ಅದೇ ಸಾಲು ಬೇಕು.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮಗೆ ಮದುವೆಯ ಹಕ್ಕು ಕೊಡಲಿಲ್ಲ. ಆ ದಿನ ಅಂಗಡಿ ಬೇಗ ಮುಚ್ಚಿದೆ. ಆದರೆ ದಿನನಿತ್ಯದ ತೊಂದರೆಗಳನ್ನು ನೋಡಲು ಕ್ಯಾಬಿನೆಟ್ ಸೆಕ್ರೆಟರಿ ನೇತೃತ್ವದಲ್ಲಿ ಸಮಿತಿ ಮಾಡುತ್ತೇವೆ ಅಂತ ಕೇಂದ್ರ ಅಲ್ಲಿ ಹೇಳಿತ್ತು, ಮಾಡಿತು ಕೂಡ. ಅದರ ನಂತರ 2024ರಲ್ಲಿ ಮೂರು ಸೂಚನೆ ಬಂದವು. ನಮ್ಮಂಥ ಜೋಡಿಗಳನ್ನು ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರು ಅಂತ ನೋಡಬೇಕು. ಬ್ಯಾಂಕಿನಲ್ಲಿ ಜಂಟಿ ಖಾತೆಗೆ, ನಾಮಿನಿ ಮಾಡುವುದಕ್ಕೆ ಅಡ್ಡಿ ಇಲ್ಲ. ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿಯ ಮೃತದೇಹವನ್ನು ಕೇಳಿ ಪಡೆಯಬಹುದು.

ಈ ಮೂರನೆಯದನ್ನು ಓದಿದಾಗ ನನಗೆ ಕೊಚ್ಚಿಯ ಸುದ್ದಿ ನೆನಪಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಒಬ್ಬ ಯುವಕ ತನ್ನ ಸಂಗಾತಿಯ ದೇಹಕ್ಕಾಗಿ ಹೈಕೋರ್ಟ್ ತನಕ ಹೋಗಬೇಕಾಯಿತು. ಜಾಸ್ತಿ ಬರೆಯಲು ಮನಸ್ಸಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ಮೂರು ಸೂಚನೆ ಕಾಸರಗೋಡಿನ ಸಪ್ಲೈ ಆಫೀಸಿಗೆ, ಬ್ಯಾಂಕಿನ ಬ್ರಾಂಚಿಗೆ, ಆಸ್ಪತ್ರೆಯ ಶವಾಗಾರಕ್ಕೆ ಬಂದು ತಲುಪಿವೆಯಾ? ನಾವು ರೇಷನ್ ಕಾರ್ಡಿಗೆ ಕೇಳಲು ಹೋಗಿದ್ದೆವು. ಕೌಂಟರಿನಲ್ಲಿದ್ದವರು ಒಳ್ಳೆಯವರೇ, ನಗುತ್ತಾ ‘ಅಂಥದ್ದೊಂದು ಉಂಟಾ?’ ಅಂತ ನಮ್ಮನ್ನೇ ಕೇಳಿದರು. ನಾನು ಮೊಬೈಲಿನಲ್ಲಿ ತೋರಿಸಿದೆ. ‘ನಮಗೆ ಮೇಲಿನಿಂದ ಬರಬೇಕಲ್ವಾ’ ಅಂದರು. ಬರಬೇಕು, ನಿಜ. ಆ ‘ಮೇಲೆ’ ಅಂದರೆ ನೀವು, ಸಾರ್.

ಈಗ ಕಾಸರಗೋಡಿನವರಿಗೆ ಮಾತ್ರ ಅರ್ಥವಾಗುವ ಒಂದು ವಿಷಯ ಹೇಳುತ್ತೇನೆ. ಪಟ್ಟಿಯ ವಿಷಯ.

ಎಂಡೋಸಲ್ಫಾನ್ ಕೀಟನಾಶಕಕ್ಕೆ ಬಲಿಯಾದ ಜಿಲ್ಲೆ ನಮ್ಮದು. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ವಿಷ ಸುರಿದರು. ಆಮೇಲೆ ವೈದ್ಯಕೀಯ ಕ್ಯಾಂಪುಗಳು, ಆಮೇಲೆ ಸಂತ್ರಸ್ತರ ಪಟ್ಟಿ. ಪಟ್ಟಿಯಲ್ಲಿ ಹೆಸರಿದ್ದರೆ ಔಷಧಿ, ಪಿಂಚಣಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ 5 ಲಕ್ಷ ರೂಪಾಯಿಯೂ ಹಾಗೆಯೇ. ಎಣ್ಮಕಜೆಯ ಅಮ್ಮಂದಿರು ಮಗುವನ್ನು ಎತ್ತಿಕೊಂಡು ತಿರುವನಂತಪುರದ ತನಕ ಹೋಗಿ ಕೂತದ್ದು ಆ ಪಟ್ಟಿಗೆ ಸೇರಲಿಕ್ಕೆ. ಎಷ್ಟೋ ಜನರ ಅರ್ಜಿ ನಾನೇ ಬರೆದಿದ್ದೇನೆ. ಹಾಗಾಗಿ ಇಲ್ಲಿನ ಅಧಿಕಾರಿಗಳಿಗೆ ಒಂದು ಅಭ್ಯಾಸ: ಯಾರಿಗಾದರೂ ಏನಾದರೂ ಮಾಡಬೇಕಾದರೆ ಮೊದಲು ಪಟ್ಟಿ ಮಾಡೋಣ. ನಮ್ಮ ವಿಷಯದಲ್ಲಿ ಅದು ಉಲ್ಟಾ. ನಾವು ಹೆದರುವುದೇ ಪಟ್ಟಿಗೆ. ‘ನಿಮ್ಮ ಪಂಚಾಯತಿನಲ್ಲಿ ಎಷ್ಟು ಮಂದಿ ಇದ್ದೀರಿ, ಹೆಸರು ಕೊಡಿ’ ಅಂದ ಕೂಡಲೇ ನಾವು ಇಲ್ಲವಾಗುತ್ತೇವೆ. ಆಗ ಕಡತದಲ್ಲಿ ‘ಈ ಪಂಚಾಯತಿನಲ್ಲಿ ಯಾರೂ ಇಲ್ಲ’ ಅಂತ ಬರೆಯುತ್ತಾರೆ. ಹಾಗೆ ಬರೆದದ್ದನ್ನು ನಾನು ಕಣ್ಣಾರೆ ಓದಿದ್ದೇನೆ. ಆ ಪಂಚಾಯತಿನ ಮೂವರು ನನಗೆ ಗೊತ್ತು.

ಗ್ರಾಮಸಭೆಯಲ್ಲಿ ಹೇಳಿ ಅನ್ನುತ್ತೀರಿ. ಕೇರಳದ ಜನಕೀಯ ಯೋಜನೆಯ ಬಗ್ಗೆ ನನಗೆ ಗೌರವ ಇದೆ, 1996ರಿಂದ ರಸ್ತೆ, ಬಾವಿ, ಅಂಗನವಾಡಿ ಎಲ್ಲ ಅಲ್ಲೇ ತೀರ್ಮಾನವಾಗಿದೆ. ಆದರೆ ಶಾಲೆಯ ಹಾಲಿನಲ್ಲಿ ಮಾವ, ಮೇಷ್ಟ್ರು, ಹಾಲಿನ ಸೊಸೈಟಿಯವರು ಎಲ್ಲ ಕೂತಿರುವಾಗ ಎದ್ದು ನಿಂತು ‘ನಾನು ಲೆಸ್ಬಿಯನ್, ನನಗೆ ಇಂಥದ್ದು ಬೇಕು’ ಅಂತ ಯಾವ ಹುಡುಗಿ ಹೇಳುತ್ತಾಳೆ?

ಸಂವಾದವನ್ನೂ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಇಲಾಖೆಯವರು ನಮ್ಮನ್ನು ಕರೆದರು. ನೋಟೀಸು ಮಲಯಾಳದಲ್ಲಿ, ಸಮಯ ಕೆಲಸದ ದಿನ ಬೆಳಿಗ್ಗೆ ಹತ್ತೂವರೆ. ವೇದಿಕೆಯ ಹಿಂದೆ ಮಳೆಬಿಲ್ಲಿನ ಫ್ಲೆಕ್ಸ್. ಹೋದ ಕೂಡಲೇ ಗ್ರೂಪ್ ಫೋಟೊ. ಉದ್ಘಾಟನೆಯ ಭಾಷಣ ನಲವತ್ತು ನಿಮಿಷ, ಮುಗಿದ ಕೂಡಲೇ ಭಾಷಣ ಮಾಡಿದವರು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟರು. ನಮ್ಮ ಮಾತು ಕೇಳಲು ಉಳಿದದ್ದು ಚಹಾ ಕೊಡುವವರು ಮತ್ತು ಹಾಜರಿ ಪುಸ್ತಕ. ಪರಿಪ್ಪುವಡೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಸಂಜೆ ಫೋಟೊಗಳು ಫೇಸ್‌ಬುಕ್ಕಿಗೆ ಹೋದವು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ, ಪೆರ್ಲ ಕಡೆಯ ಇಪ್ಪತ್ತೊಂದು ವರ್ಷದ ಹುಡುಗನಿಗೆ ರಾತ್ರಿ ದುಬೈಯಿಂದ ಮಾವನ ಫೋನ್ ಬಂತು. ಅವನು ಈಗ ಬೆಂಗಳೂರಿನಲ್ಲಿದ್ದಾನೆ. ಇಂಥ ಸಭೆಗೆ ಇನ್ನು ಸತ್ತರೂ ಬರುವುದಿಲ್ಲ ಅಂದಿದ್ದಾನೆ.

ಕರೆಯುವುದಾದರೆ ಫೋಟೊ ಇಲ್ಲ ಅಂತ ನೋಟೀಸಿನಲ್ಲೇ ಹಾಕಿ. ಹಾಜರಿ ಪುಸ್ತಕ ಬೇಡ, ತಲೆ ಎಣಿಸಿ ಸಾಕು. ಭಾನುವಾರ ಇಡಿ. ನಾಲ್ಕು ಭಾಷೆ ಗೊತ್ತಿರುವ ಒಬ್ಬರು ಇರಲಿ. ಬರಲಾಗದವರು ಕಾಗದದಲ್ಲಿ ಬರೆದು ಹಾಕಲು ಒಂದು ಪೆಟ್ಟಿಗೆ ಇಡಿ. ಹೆಸರಿಲ್ಲದ ಆ ಕಾಗದಗಳನ್ನು ಓದುತ್ತೇವೆ ಅಂತ ಒಂದು ಸಲಕ್ಕಾದರೂ ನಿಯಮ ಸಡಿಲ ಮಾಡಿ.

ಗುಟ್ಟು ಉಳಿಯುವುದು ನಮ್ಮ ಊರುಗಳಲ್ಲಿ ಕಷ್ಟ, ಅದು ಸರ್ಕಾರದ ತಪ್ಪಲ್ಲ. ಕೇರಳದಲ್ಲಿ ಆರೋಗ್ಯ ಇಲಾಖೆ ಮನೆ ಬಾಗಿಲಿಗೆ ಬರುತ್ತದೆ. ಅದು ಇಲ್ಲಿಯ ದೊಡ್ಡ ಬಲ. ಬರುವವರು ಮಾತ್ರ ನಾಲ್ಕನೇ ಮನೆಯ ಆಶಾ ಕಾರ್ಯಕರ್ತೆ. ಎಚ್‌ಐವಿ ಪರೀಕ್ಷೆ ಸರ್ಕಾರಿ ‘ಜ್ಯೋತಿಸ್’ ಕೇಂದ್ರದಲ್ಲಿ ಉಚಿತ, ಆದರೂ ನನ್ನ ಗೆಳೆಯರಲ್ಲಿ ಜಾಸ್ತಿ ಜನ ರೈಲು ಹತ್ತಿ ಮಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಟೋಕನ್ ಕೊಡುವವರು ಅತ್ತಿಗೆಯ ತಂಗಿ ಆಗಿರಬಹುದು ಅನ್ನುವ ಭಯಕ್ಕೆ. ಒಪ್ಪಿಗೆ ಇದ್ದರೂ ಸಲಿಂಗ ಸಂಬಂಧ ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಬಗ್ಗೆ, ಅದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ರಂದು. ನಾಲ್ಕೇ ದಿನ ಕಳೆದು, 10ರಂದು, ಎಚ್‌ಐವಿ ಕಾಯ್ದೆ ಜಾರಿಗೆ ಬಂತು. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಇದನ್ನು ಕನ್ನಡದಲ್ಲಿ ಬರೆದು ಕೌಂಟರಿನ ಗಾಜಿಗೆ ಅಂಟಿಸಿದರೆ, ಒಳಗೆ ಕೂತವರಿಗೂ ನೆನಪಿರುತ್ತದೆ, ಹೊರಗೆ ನಿಂತವರಿಗೂ ಧೈರ್ಯ ಬರುತ್ತದೆ.

ಮಂಗಳೂರಿಗೆ ಓಡುವುದು ಯಾವಾಗಲೂ ಆಗುವುದೂ ಇಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತದ್ದು ಯಾರಿಗೂ ಮರೆತಿಲ್ಲ. ಆಗ ಹಾರ್ಮೋನ್ ಮಾತ್ರೆ ಸಿಗದೆ ಒದ್ದಾಡಿದವರೂ ನಮ್ಮಲ್ಲಿದ್ದರು. ಯಾರ ಹತ್ತಿರ ಹೇಳಿಕೊಳ್ಳುವುದು?

ಚೆನ್ನಾಗಿ ಮಾಡುವವರು ಇಲ್ಲ ಅಂತ ಅಲ್ಲ. ನಮ್ಮ ವಾರ್ಡಿನ ಆಶಾ ಅಕ್ಕ ಆರೋಗ್ಯ ಇಲಾಖೆಯ ‘ಶೈಲಿ’ ಆ್ಯಪ್ ಹಿಡಿದುಕೊಂಡು ಮೂವತ್ತು ದಾಟಿದವರ ಲೆಕ್ಕಕ್ಕೆ ಮನೆಗೆ ಬಂದರು. ಒಳಗೆ ಕೂರಿಸಿದೆ. ಒಂದೇ ಮಂಚ, ಎರಡು ದಿಂಬು, ಬಾಗಿಲು ತೆರೆದೇ ಇತ್ತು. ಅವರ ಕಣ್ಣು ಆ ಕಡೆ ಹೋದದ್ದು ಕಂಡಿತು. ನನ್ನ ಎದೆ ಢವಢವ. ಅವರು ಮೊಬೈಲಿನಲ್ಲಿ ಏನೋ ಒತ್ತಿ, ‘ಇಬ್ಬರದ್ದೂ ಮೂವತ್ತು ದಾಟಿದೆಯಲ್ವಾ, ಇಬ್ಬರೂ ಒಟ್ಟಿಗೆ ಬಂದು ಬಿ.ಪಿ. ನೋಡಿಸಿಕೊಳ್ಳಿ, ಉಪ್ಪಿನಕಾಯಿ ಕಮ್ಮಿ ಮಾಡಿ’ ಅಂದರು. ನೀರು ಕುಡಿದು ಹೊರಟರು. ಮರುವಾರ ಊರಲ್ಲಿ ಯಾವ ಸುದ್ದಿಯೂ ಇರಲಿಲ್ಲ. ನಿಮ್ಮ ಟ್ರೈನಿಂಗಿಗೆ ದೂರದ ತಜ್ಞರನ್ನು ಕರೆಸುವ ಬದಲು ಇಂಥವರನ್ನು ಕೂರಿಸಿ ಮಾತಾಡಿಸಿ.

ಪೊಲೀಸ್ ಇಲಾಖೆಗೂ ಎರಡು ಮಾತು ಇದೆ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು, ಕರೆಸಿ, ವಿಡಿಯೋ ಮಾಡಿ ದುಡ್ಡು ಕೀಳುವವರು ಇದ್ದಾರೆ. ನನ್ನ ಒಬ್ಬ ಪರಿಚಯದವರು ಹದಿನೆಂಟು ಸಾವಿರ ಕೊಟ್ಟರು. ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್. ಕೊಟ್ಟವರದ್ದು ಯಾವ ಅಪರಾಧವೂ ಇಲ್ಲ. ಆದರೂ ಅವರು ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ, ‘ನೀವು ಅಲ್ಲಿಗೆ ಯಾಕೆ ಹೋದದ್ದು?’ ಅನ್ನುವ ಮೊದಲನೇ ಪ್ರಶ್ನೆಗೆ ಹೆದರಿ. ಇನ್ನು, ಬಲಾತ್ಕಾರಕ್ಕೂ ಹಾಕುತ್ತಿದ್ದ ಹಳೆಯ 377ಕ್ಕೆ ಹೊಸ ಸಂಹಿತೆಯಲ್ಲಿ ಬದಲಿ ಏನೂ ಇಲ್ಲದ ಕಾರಣ ಒಬ್ಬ ವಯಸ್ಕ ಗಂಡಸಿನ ಮೇಲೆ ಬಲಾತ್ಕಾರ ಆದರೆ ಯಾವ ಸೆಕ್ಷನ್ ಹಾಕುವುದು ಅಂತ ಪೊಲೀಸರಿಗೇ ತಲೆಬಿಸಿ. ಇದು ದೆಹಲಿಯಲ್ಲಿ ಸರಿಯಾಗಬೇಕಾದದ್ದು.

ಮನೆ ಬಿಟ್ಟು ಒಟ್ಟಿಗೆ ಹೋದ ಇಬ್ಬರು ಹುಡುಗಿಯರ ಮೇಲೆ ಅಪ್ಪಅಮ್ಮ ‘ಕಾಣೆ’ ದೂರು ಕೊಟ್ಟರೆ ಏನು ಮಾಡಬೇಕು ಅನ್ನುವುದಕ್ಕೆ ಮಾತ್ರ ದೆಹಲಿಗೆ ಹೋಗಬೇಕಾಗಿಲ್ಲ. 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ದಾರಿ ಹಾಕಿಕೊಟ್ಟರು: ಇಬ್ಬರೂ ವಯಸ್ಕರು, ಒಪ್ಪಿ ಹೋದವರು ಅಂತ ಹೇಳಿಕೆಯಿಂದ ಗೊತ್ತಾದರೆ ದೂರು ಅಲ್ಲಿಗೇ ಮುಗಿಸಿ, ಪೀಡಿಸಬೇಡಿ. ನಮ್ಮದೇ ಕೇರಳ ಹೈಕೋರ್ಟ್ 2022ರ ಮೇ 31ರಂದು ಇಬ್ಬರು ಯುವತಿಯರನ್ನು ಒಟ್ಟಿಗೆ ಬದುಕಲು ಬಿಟ್ಟಿತು. ‘ಗುಣ ಮಾಡಿಸುತ್ತೇವೆ’ ಅಂತ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವವರಿಗೂ ಒಂದು ಮಾತು: ಅಂಥ ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ನಮ್ಮ ಕನ್ನಡ ಸಂಘಟನೆಗಳ ಹಿರಿಯರೂ ಇದನ್ನು ಓದುತ್ತಿರಬಹುದು. ಕಲೆಕ್ಟರೇಟಿನ ಎದುರು ಕನ್ನಡದ ಧರಣಿಗೆ ನಾನೂ ಬಂದು ಕೂತವನು. ಮನವಿಯ ಕರಡು ಎರಡು ಸಲ ನನ್ನ ಕೈಯಲ್ಲೇ ಬರೆಸಿದ್ದೀರಿ. ಮುಂದಿನ ಮನವಿಯಲ್ಲಿ ಈ ವಿಷಯಕ್ಕೂ ಒಂದು ಸಾಲು ಕೊಡಿ ಅಂತ ಒಮ್ಮೆ ಕೇಳಿದಾಗ, ‘ನಮ್ಮ ಯಕ್ಷಗಾನದಲ್ಲಿ ಸ್ತ್ರೀವೇಷ ಇಲ್ವಾ, ನಮಗೆ ಅದೆಲ್ಲ ಹೊಸತಲ್ಲ’ ಅಂದಿರಿ. ಅದು ಹೌದು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಇದು. ಆದರೆ ವೇಷ ಕಳಚಿದ ಮೇಲೆ ಕಲಾವಿದರು ಮನೆಗೆ ಹೋಗುತ್ತಾರೆ. ಇವರು ಯಾವ ಮನೆಗೆ ಹೋಗಬೇಕು ಅಂತ ನಾನು ಕೇಳಿದ್ದು. ಆಚೆ ಕರ್ನಾಟಕದಲ್ಲಿ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ಜನರಿಗೆ ಶೇ. 1 ಮೀಸಲಾತಿ ಬಂತು. ಕನ್ನಡದ ಸುದ್ದಿ ಅಂತ ನಾವೂ ಸಂಭ್ರಮಿಸಿದೆವು. ಈಚೆಯ ಕನ್ನಡದವರನ್ನು ಮಾತ್ರ ಯಾಕೆ ಬಿಡುತ್ತೀರಿ?

ಜಿಲ್ಲಾಧಿಕಾರಿಗಳೇ, ಹಣದ ಕೊರತೆ ಅಂತ ನೀವು ಹೇಳುವ ಮೊದಲು ಒಂದು ಮಾತು. ಆ ಆಸ್ಪತ್ರೆ ಫಾರಂನ ಹೊಸ ಸಾಲು, ರೇಷನ್ ಕಾರ್ಡಿನ ಸೂಚನೆ, ಕೌಂಟರಿನ ಗಾಜಿಗೆ ಅಂಟಿಸುವ ಕಾಗದ, ಪ್ರಮಾಣಪತ್ರದ ಅರ್ಜಿಗೆ ಹೋಗುವ ಉತ್ತರ, ಇಷ್ಟನ್ನೂ ಕನ್ನಡಕ್ಕೆ ನಾನು ಮಾಡಿ ಕೊಡುತ್ತೇನೆ. ಸಾಮಾನ್ಯವಾಗಿ ಪುಟಕ್ಕೆ ನೂರೈವತ್ತು ತಗೊಳ್ಳುವುದು. ಇದಕ್ಕೆ ಬೇಡ. ಹಳೆಯ ಎರಡು ಪುಟದ ಬಾಕಿ ನನ್ನ ಕಡೆಯಿಂದಲೇ ಇದೆ.

ನನ್ನನ್ನು ಹುಡುಕುವುದು ಬೇಡ. ಮಲಯಾಳದ ಪ್ರತಿಯನ್ನು ನಿಮ್ಮ ಕಚೇರಿಯ ಕೆಳಗಿನ ನೋಟೀಸ್ ಬೋರ್ಡಿಗೆ ಹಾಕಿಸಿ. ನಾನು ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಆ ದಾರಿಯಲ್ಲೇ ಬರುವವನು, ನಿಂತು ಓದಿಕೊಳ್ಳುತ್ತೇನೆ. ಕನ್ನಡ ಮಾಡಿದ್ದು ಮೂರನೇ ದಿನ ಟಪಾಲಿನಲ್ಲಿ ನಿಮ್ಮ ಮೇಜಿಗೆ ಬರುತ್ತದೆ. ಲಕೋಟೆಯ ಮೇಲೆ ಕಳಿಸಿದವರ ಹೆಸರು ಇರುವುದಿಲ್ಲ. ದಯವಿಟ್ಟು ಬಿಚ್ಚಿ ನೋಡಿ.

ಇತಿ,
ವಿದ್ಯಾನಗರದಿಂದ, ಅರ್ಜಿ ಬರೆಯುವವನು